ಅಮ್ಮನ ದಿಂಬಿನ ಮೇಲಿನ ಹನಿ

ಅಮ್ಮ ತೀರ್ಪು ಹೇಳಿದ್ದು ಹಾಸಿಗೆ ಬಡಿಯುತ್ತ. ಹಿತ್ತಲಿನ ಹಗ್ಗಕ್ಕೆ ಜೋತುಬಿದ್ದಿದ್ದ ಆ ಹಾಸಿಗೆಯ ತಲೆಭಾಗದಲ್ಲಿ ಚಹಾ ಚೆಲ್ಲಿದಂಥ ಒಂದು ಕಂದು ಕಲೆ. ಅದರ ಸುತ್ತ ಇನ್ನೊಂದು, ಅದರ ಸುತ್ತ ಮತ್ತೊಂದು. ಪ್ರತಿ ಪ್ರವಾಸವೂ ಒಂದೊಂದು ಗೆರೆ ಎಳೆದು ಹೋಗಿತ್ತು. ಅಮ್ಮ ಕೋಲಿನಿಂದ ಸರಿಯಾಗಿ ಕಲೆಯ ನಡುವಿಗೇ ಎರಡು ಏಟು ಹಾಕಿ, ಹಿಂದೆ ತಿರುಗದೆ ಹೇಳಿದಳು:

"ಭಾನುವಾರ ಪೈಪ್ ಹಿಡಿದು ಮೇಲಿಂದ ನೀರು ಬಿಡಿ. ನಾನು ನನ್ನ ಜಾಗದಲ್ಲೇ ಮಲ್ಕೋತೀನಿ. ಒಂದೇ ಒಂದು ಹನಿ ದಿಂಬಿನ ಮೇಲೆ ಬಿತ್ತು ಅಂದ್ರೆ ಬೇಕರೀನ ಪಕ್ಕದ ಮನೆಯವ್ರಿಗೆ ಕೊಟ್ಬಿಡೋದು. ಅವ್ರ ಕೋಳಿಗಳಾದ್ರೂ ಅದ್ರಲ್ಲಿ ಸುಖವಾಗಿರ್ಲಿ."

"ಕೋಳಿಗಳ ಮೇಲೆ ಸೋರಿದ್ರೆ ಪರವಾಗಿಲ್ವಾ?" ಎಂದ ಅಪ್ಪ.

"ಅವು ಅಡ್ಜಸ್ಟ್ ಮಾಡ್ಕೋತವೆ. ನಾನು ಇಷ್ಟು ವರ್ಷ ಮಾಡ್ಕೊಂಡಿದ್ದು ಸಾಕು. ಸೋರೋ ನೀರಿಗೆ ದಿಂಬಿನ ಮೇಲೆ ಪಾತ್ರೆ ಇಟ್ಕೊಂಡು ಮಲಗೋ ಹೆಂಗಸು ಊರಲ್ಲಿ ನಾನೊಬ್ಬಳೇ ಇರ್ಬೇಕು."

ಬೇಕರಿ ಎಂದರೆ ಅಂಗಡಿಯಲ್ಲ, ಗಾಡಿ. ಒಂದು ಕಾಲಕ್ಕೆ ಬೆಳಗಿನ ಜಾವ ಮನೆಮನೆಗೆ ಬ್ರೆಡ್ಡು ಸಾಗಿಸುತ್ತಿದ್ದ ವ್ಯಾನು. ಅದು ಸವೆದು ಮೂಲೆಗೆ ಬಿದ್ದಾಗ ಅಪ್ಪ ಕೊಂಡು ತಂದ. ಒಳಗಿನ ಬ್ರೆಡ್ಡಿನ ಹಲಗೆಗಳನ್ನೆಲ್ಲ ಕಿತ್ತು ಹಿಂಬದಿಯಲ್ಲಿ ಅಡ್ಡಡ್ಡಲಾಗಿ ಮಂಚ ಹಾಕಿದ, ಬಾಗಿಲ ಪಕ್ಕ ಒಲೆ ಇಟ್ಟ, ಮಡಚುವ ಮೇಜೊಂದನ್ನು ಗೋಡೆಗೆ ತೂಗುಹಾಕಿದ. ಚಕ್ರದ ಮೇಲಿನ ಮನೆ ಸಿದ್ಧವಾಯಿತು. ಬಿಸಿಲು ಜೋರಾದ ದಿನ ಅದರ ಮರದ ಗೋಡೆಯಿಂದ ಹುದುಗಿದ ಹಿಟ್ಟಿನ ಸಿಹಿ ವಾಸನೆ ಈಗಲೂ ಬರುತ್ತದೆ. ಗಾಡಿಗೆ ಆ ಹೆಸರು ಉಳಿದದ್ದು ಅದಕ್ಕೇ.

ಅಪ್ಪ ದರ್ಜಿ. ಹೊಲಿದು ಮಿಕ್ಕಿದ ಕೋಟಿನ ಬಟ್ಟೆಯಲ್ಲೇ ಸೀಟುಗಳಿಗೆ ಕವರು ಹೊಲಿದಿದ್ದ. ಬೂದು ಬಣ್ಣದ್ದು ಬ್ಯಾಂಕ್ ಮ್ಯಾನೇಜರರ ಕೋಟು, ಕಡುನೀಲಿ ಯಾರೋ ಮದುಮಗನದ್ದು, ಸಣ್ಣ ಚೌಕಳಿಯದು ಕೋಟು ಒಯ್ಯಲು ತಿರುಗಿ ಬಾರದ ಗಿರಾಕಿಯದ್ದು. "ಏ, ಮ್ಯಾನೇಜರ್ ಮೇಲೆ ಕಾಲಿಡ್ಬೇಡ," ಎಂದು ಅಮ್ಮ ಗದರಿದರೆ ಮನೆಯವರಿಗೆಲ್ಲ ಅರ್ಥವಾಗುತ್ತಿತ್ತು.

ಗಾಡಿಯ ಮಾಡಿನ ಮೇಲೆ ಮೂರು ವಸ್ತುಗಳಿದ್ದವು: ಅಮ್ಮ ಮಲಗುವ ಕಡೆಯ ಮುಚ್ಚಳವಿದ್ದ ಗಾಳಿಕಿಂಡಿ, ಒಲೆಯ ಹೊಗೆಕೊಳವೆ, ಆಂಟೆನಾ ನಿಲ್ಲಿಸುತ್ತಿದ್ದ ಕಬ್ಬಿಣದ ಬುಡ. ತಗಡಿನ ಮಾಡಿಗೆ ಯಾವುದನ್ನೇ ಕೂರಿಸಿದರೂ ಮೊದಲು ತೂತು ಕೊರೆಯಬೇಕು. ಕೊರೆದ ತೂತಿನ ಅಂಚಿಗೆ ನೀರು ಇಳಿಯದಂತೆ ಸೀಲೆಂಟ್ ಎಂಬ ಅಂಟು ಹಚ್ಚಬೇಕು. ಬಿಸಿಲಿಗೆ ಆ ಸೀಲೆಂಟು ಒಣಗಿ ಬಿರಿಯುತ್ತದೆ, ಆಗ ಮತ್ತೆ ಮಾಡಬೇಕು. ಹೀಗಾಗಿ ಪ್ರತಿ ಪ್ರವಾಸಕ್ಕೆ ಮೊದಲು ಮನೆಯಲ್ಲಿ ಒಂದು ಪದ್ಧತಿ ನಡೆಯುತ್ತಿತ್ತು. ಅಪ್ಪ ಮಾಡಿನ ಮೇಲೆ. ಅಮ್ಮ ಕೆಳಗೆ ನೀರಿನ ಪೈಪ್ ಹಿಡಿದು. ಮಗಳು ಗಾಡಿಯ ಒಳಗೆ, ಮಂಚದ ಮೇಲೆ ನಿಂತು, ಕತ್ತೆತ್ತಿ ಒಳಮಾಡನ್ನು ನೋಡುತ್ತ. ಹೊಲಿಯುವಾಗ ಅಪ್ಪ ಬೆರಳ ತುದಿಗೆ ಹಾಕಿಕೊಳ್ಳುತ್ತಿದ್ದ ಹಿತ್ತಾಳೆಯ ಟೊಪ್ಪಿಗೆ ಆಗ ಅವಳ ಬೆರಳಿಗೆ ಬರುತ್ತಿತ್ತು. ಅವಳ ಬೆರಳಿಗೆ ಅದು ದೊಡ್ಡದು, ಒಳಗೆ ಚಿಂದಿ ತುರುಕಿಕೊಳ್ಳಬೇಕು. ಹನಿ ಕಂಡಲ್ಲಿ ಒಂದು ಸಲ ಕುಟ್ಟಬೇಕು: ಟಕ್. ಒಣಗಿದ್ದರೆ ಎರಡು ಸಲ: ಟಕ್ ಟಕ್. ಹನಿಯಿದ್ದ ಜಾಗಕ್ಕೆ ದರ್ಜಿ ಸೀಮೆಸುಣ್ಣದಿಂದ ಒಂದು ಸುತ್ತು ಹಾಕಬೇಕು. ಅಪ್ಪ ಮೇಲಿನಿಂದ ಆ ಸದ್ದಿಗೆ ಕಿವಿಯಿಟ್ಟು, ಸರಿಯಾಗಿ ಅದರ ಮೇಲೆಯೇ ಸೀಲೆಂಟ್ ಹಚ್ಚಿ ಹೆಬ್ಬೆರಳಿನಿಂದ ನೀವುತ್ತಿದ್ದ, ಕಾಲರಿನ ಅಂಚು ಮಡಚಿ ಇಸ್ತ್ರಿ ಒತ್ತಿದ ಹಾಗೆ.

ಮಾಡಿನ ಮೇಲೆ ಅಪ್ಪನ ಹೊರತು ಯಾರೂ ಹತ್ತಕೂಡದು ಎಂಬುದು ಕಾನೂನು. ಆ ಕಾನೂನನ್ನು ಕಡೆಗೆ ಮುರಿದದ್ದು ಅಪ್ಪನ ಮಂಡಿ. ಈ ವರ್ಷ ಏಣಿಯ ಎರಡನೇ ಮೆಟ್ಟಿಲಿನಲ್ಲಿ ನಿಂತು ಸ್ವಲ್ಪ ಹೊತ್ತು ಆಕಾಶ ನೋಡಿ, ಏನೋ ಮರೆತು ಬಂದವನಂತೆ ಇಳಿದುಬಿಟ್ಟ. ಮಗಳು ಅದನ್ನು ನೋಡಿಯೂ ನೋಡದವಳಂತೆ ಕೈ ಒರೆಸಿಕೊಂಡು, "ನಾನು ಹತ್ತುತೀನಿ ಬಿಡಪ್ಪ, ನನಗೂ ಒಂದು ಸಲ ಮೇಲಿಂದ ನೋಡೋ ಆಸೆ," ಎಂದಳು.

"ಸ್ಲಿಪ್ಪರ್ ಬಿಟ್ಟು ಹತ್ತು," ಎಂದಷ್ಟೇ ಹೇಳಿ ಅಪ್ಪ ಜೇಬಿನಿಂದ ಹಿತ್ತಾಳೆಯ ಟೊಪ್ಪಿಗೆ ತೆಗೆದು ತನ್ನ ಬೆರಳಿಗೇ ಹಾಕಿಕೊಂಡ.

*

ಮಗಳಿಗೆ ಎರಡು ಬೀದಿಯಾಚೆ ಕನ್ನಡಕದ ಅಂಗಡಿಯಿದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು, ಹಗಲೆಲ್ಲ ಸಾಸಿವೆ ಗಾತ್ರದ ಸ್ಕ್ರೂ ಬಿಗಿಯುವವಳು. ಯಾವ ಡಬ್ಬಿಯ ಮೇಲಿನ ಸೂಚನೆಯನ್ನೂ ಕಡೆಯ ಸಾಲಿನವರೆಗೆ ಓದದೆ ಮುಚ್ಚಳ ತೆಗೆಯುವವಳಲ್ಲ. ಸೀಲೆಂಟಿನ ಟ್ಯೂಬಿನ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಹಳೆಯದನ್ನು ಪೂರ್ತಿ ತೆಗೆದು, ಒರೆಸಿ, ಒಣಗಿದ ಮೇಲೆ ಹಚ್ಚಿ.

ಗಾಳಿಕಿಂಡಿಯ ಸುತ್ತ ನೋಡಿದರೆ ಕಿಂಡಿಯೇ ಕಾಣುವಂತಿರಲಿಲ್ಲ. ಅಪ್ಪ ವರ್ಷವರ್ಷವೂ ಹಚ್ಚುತ್ತ ಬಂದದ್ದು ಪದರದ ಮೇಲೆ ಪದರವಾಗಿ, ಗೆದ್ದಲ ಹುತ್ತದಂತೆ ಎದ್ದು ನಿಂತಿತ್ತು. ಮಗಳು ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದು, ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸತೊಡಗಿದಳು. ಕಬ್ಬಿಣದ ಉಳಿ ಹಿಡಿದರೆ ತಗಡಿಗೆ ಗೀರು ಬೀಳುತ್ತದೆ, ಗೀರು ಬಿದ್ದಲ್ಲಿ ತುಕ್ಕು.

ಮೊದಲ ಪದರ ಬಿಳಿ, ಸಿಲಿಕೋನಿನದು. ಅದರಡಿಯಲ್ಲಿ ಬೂದು. ಅದರಡಿಯಲ್ಲಿ ಬೆಳ್ಳಿ ಬಣ್ಣದ ಟೇಪು. ಟೇಪಿನ ಕೆಳಗೆ ಡಾಂಬರಿನಂಥ ಕಪ್ಪು. ಬೂದು ಪದರದಲ್ಲಿ ರೆಕ್ಕೆಯಿರುವ ಒಂದು ಬೀಜ ಸಿಕ್ಕಿಕೊಂಡಿತ್ತು. ಅವಳಿಗೆ ಆ ಮರ ಗೊತ್ತು: ಸರೋವರದ ದಂಡೆಯಲ್ಲಿ ಗಾಡಿ ನಿಲ್ಲಿಸಿದ್ದಾಗ ಆ ಬೀಜಗಳು ಗಿರ್ರನೆ ಸುತ್ತುತ್ತ ಇಳಿದು ಊಟದ ತಟ್ಟೆಗೇ ಬೀಳುತ್ತಿದ್ದವು, ಅಮ್ಮ ಅವನ್ನು ಚಮಚದಿಂದ ಎತ್ತಿ ಎಸೆಯುತ್ತಿದ್ದಳು. ಕಪ್ಪು ಪದರದಲ್ಲಿ ಮರಳು. ಅದು ಸಮುದ್ರ. ಆ ವರ್ಷ ಮಗಳಿಗೆ ಜ್ವರ ಬಂದು, ಮೂವರೂ ಹೊರಗೆ ಕಾಲಿಡದೆ ಗಾಡಿಯೊಳಗೇ ಇಸ್ಪೀಟು ಆಡುತ್ತ ಕಳೆದಿದ್ದರು. ಅಪ್ಪ ಬೇಕೆಂದೇ ಸೋಲುತ್ತಿದ್ದುದು ಅವಳಿಗೆ ಆಗಲೇ ಗೊತ್ತಾಗಿತ್ತು, ಆದರೂ ಗೆದ್ದ ಸಂತೋಷಕ್ಕೇನೂ ಕೊರತೆಯಿರಲಿಲ್ಲ.

ಒಂದೊಂದು ಪದರದ ಅಂಚಿನಲ್ಲೂ ಒಂದೇ ಗುರುತು. ಹೆಬ್ಬೆರಳು ನೀವಿದ ಸಣ್ಣ ಹಳ್ಳ, ಅದರ ನಡುವೆ ಓರೆಯಾಗಿ ಒಂದು ಗೆರೆ. ಯಾವ ಕಾಲದಲ್ಲೋ ಕತ್ತರಿ ತಗುಲಿ ಅಪ್ಪನ ಬೆರಳಿನಲ್ಲಿ ಉಳಿದ ಗಾಯದ ಗೆರೆ ಅದು. ಕಪ್ಪಿನಲ್ಲಿ ಅದು ಚೂಪಾಗಿತ್ತು. ಮೇಲೆ ಬಂದಂತೆ ಮಸುಕಾಗಿತ್ತು.

ಕೆಳಗಿನಿಂದ ಟಕ್ ಎಂದಿತು.

"ಏನಪ್ಪ?"

"ಏನು ಕೆರೀತಿದೀಯ ಅಷ್ಟೊಂದು?" ಗಾಳಿಕಿಂಡಿಯಲ್ಲಿ ಅಪ್ಪನ ಮುಖ ಚೌಕಟ್ಟು ಹಾಕಿದ ಫೋಟೋದಂತೆ ಕಂಡಿತು.

"ಹಳೇದೆಲ್ಲ ತೆಗೀಬೇಕಪ್ಪ. ಅದರ ಮೇಲೆ ಹೊಸದು ಹಿಡಿಯಲ್ಲ. ನೀನು ಹಚ್ಚಿದ್ದೆಲ್ಲ ಒಂದರ ಮೇಲೊಂದು ಸುಮ್ನೆ ಕೂತಿತ್ತು, ಅಂಟೇ ಇರ್ಲಿಲ್ಲ."

ಅಪ್ಪ ಕಿಂಡಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದ. "ನಮ್ಮ ಕಸುಬಲ್ಲಿ ಗಟ್ಟಿ ಇರೋ ಹೊಲಿಗೇನ ಯಾರೂ ಬಿಚ್ಚಲ್ಲಮ್ಮ," ಎಂದ. ಅಷ್ಟು ಹೇಳಿ ಮುಖ ಸರಿದುಹೋಯಿತು.

ಮಗಳ ಕೈ ಅಲ್ಲೇ ನಿಂತಿತು. ಕೆರೆದು ತೆಗೆದದ್ದನ್ನೆಲ್ಲ ಹಳೆಯ ಬಕೆಟ್ಟಿಗೆ ಹಾಕುತ್ತಿದ್ದವಳು, ಗೆರೆ ಚೂಪಾಗಿದ್ದ ಕಪ್ಪು ತುಂಡೊಂದನ್ನು ಮಾತ್ರ ಜೇಬಿಗೆ ಸೇರಿಸಿದಳು. ಮತ್ತೆ ಬಿಸಿಗಾಳಿ ಹಿಡಿದಳು. ಸಂಜೆಯ ಹೊತ್ತಿಗೆ ಗಾಳಿಕಿಂಡಿಯ ಚೌಕಟ್ಟು ಅದು ಹುಟ್ಟಿದ ದಿನದಂತೆ ಬರಿಯದಾಗಿ ಹೊಳೆಯಿತು. ಸ್ಕ್ರೂಗಳನ್ನು ಬಿಚ್ಚಿ, ಚೌಕಟ್ಟು ಎತ್ತಿ, ಅದರಡಿಗೆ ಜೇಡಿಯಂಥ ಅಂಟಿನ ಪಟ್ಟಿ ಸುತ್ತಲೂ ಹಾಸಿ, ಮತ್ತೆ ಕೂರಿಸಿ ಒಂದೊಂದೇ ಸ್ಕ್ರೂವನ್ನು ಎದುರುಬದುರಾಗಿ ಬಿಗಿದಳು. ಮೇಲೆ ತಾನೇ ಹರಿದು ಸಮವಾಗುವ ಸೀಲೆಂಟನ್ನು ಸುರಿದಳು. ಹೊಗೆಕೊಳವೆಗೂ ಆಂಟೆನಾ ಬುಡಕ್ಕೂ ಅದೇ ಉಪಚಾರವಾಯಿತು.

*

ಭಾನುವಾರ ಕೋಳಿಯಣ್ಣನೂ ಬಂದ. ಪಕ್ಕದ ಮನೆಯಲ್ಲಿ ಕೋಳಿ ಸಾಕುವ ಅವನನ್ನು ಬೀದಿಯವರೆಲ್ಲ ಕರೆಯುವುದು ಹಾಗೇ. ಬೇಲಿಗೆ ಮೊಣಕೈ ಊರಿ, ಮುಖದಲ್ಲಿ ದುರಾಸೆ ಕಾಣದ ಹಾಗೆ ಕಷ್ಟಪಟ್ಟು ನಿಂತಿದ್ದ.

"ನಾನೇನೂ ಆತುರದಲ್ಲಿಲ್ಲ ಅಕ್ಕ," ಎಂದ ಅಮ್ಮನಿಗೆ. "ಆದ್ರೆ ಆ ಮಡಚೋ ಮೇಜು ಗೋಡೇಲೇ ಇರುತ್ತೆ ತಾನೆ? ಮೊಟ್ಟೆ ಇಡೋಕೆ ಚೆನ್ನಾಗಿರುತ್ತೆ."

"ಮೊದಲು ಹನಿ ಬೀಳ್ಲಿ, ಆಮೇಲೆ ಮೊಟ್ಟೆ," ಎಂದು ಅಮ್ಮ ಒಳಗೆ ಹೋಗಿ ಮಂಚದ ಮೇಲೆ ಅಂಗಾತ ಮಲಗಿದಳು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕಣ್ಣು ಬಿಟ್ಟುಕೊಂಡು. ಅಪ್ಪ ಅವಳ ಪಕ್ಕದಲ್ಲಿ ಕುಳಿತ. ಮಗಳು ಮೇಲೆ ಪೈಪ್ ಹಿಡಿದಳು. ನೀರು ತಗಡಿನ ಮೇಲೆ ಸದ್ದು ಮಾಡುತ್ತ ಹಿಂದಕ್ಕೂ ಮುಂದಕ್ಕೂ ಹರಿಯಿತು. ಅವಳು ಆತುರಪಡಲಿಲ್ಲ, ಮಾಡಿನ ಒಂದು ಮೂಲೆಯನ್ನೂ ಬಿಡಲಿಲ್ಲ. ಇನ್ನೇನು ಸಾಕು ಎನ್ನುವಷ್ಟರಲ್ಲಿ ಕೆಳಗಿನಿಂದ ಒಂದೇ ಒಂದು ಸಲ ಕೇಳಿಸಿತು.

ಟಕ್.

ಅವಳು ಇಳಿದು ಬರುವ ಹೊತ್ತಿಗೆ ಅಮ್ಮ ಎದ್ದು ಕುಳಿತು ಹಣೆ ಒರೆಸಿಕೊಳ್ಳುತ್ತಿದ್ದಳು. ಮಗಳ ಮುಖ ನೋಡಿ ಗೆದ್ದವಳಂತೆ ಮಾತಾಡಲು ಅವಳಿಗೂ ಮನಸ್ಸು ಬರಲಿಲ್ಲ. "ದಿಂಬಿಗಿಂತ ಮುಂಚೆ ಹಣೆಗೇ ಬಿತ್ತು," ಎಂದಳು ಸಣ್ಣ ದನಿಯಲ್ಲಿ. "ಗುರಿ ಮಾತ್ರ ತಪ್ಪಲ್ಲ ಅದಕ್ಕೆ."

ಅಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ, ಪರದೆಯ ಸರಳನ್ನು ಕೊಕ್ಕೆಯಿಂದ ಬಿಡಿಸಿ, ಪರದೆಯನ್ನು ಒಂದೊಂದೇ ಬಳೆಯಿಂದ ಹೊರಗೆ ಎಳೆಯತೊಡಗಿದ. ಎಳೆದದ್ದನ್ನು ತೋಳಿನ ಮೇಲೆ ಅಂಚಿಗೆ ಅಂಚು ಸೇರಿಸಿ ಮಡಚಿದ. ಮದುವೆಯ ಬಟ್ಟೆ ಮಡಚುವಾಗಲೂ ಅವನ ಕೈ ಅಷ್ಟೇ ಹಗುರವಾಗಿ ಆಡುತ್ತಿತ್ತು.

"ಪರದೆ ಯಾಕೆ ಬಿಚ್ತಿದೀರ?" ಎಂದಳು ಅಮ್ಮ.

"ಕೋಳಿಗಳಿಗೆ ಪರದೆ ಯಾಕೆ?"

ಮಾಡಿನ ಅಂಚಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಅಮ್ಮ ಎರಡನೇ ಪರದೆಗೆ ಹೋದ ಅಪ್ಪನ ಕೈಯನ್ನು ನೋಡಿದಳು. ಅದು ಅವಳೇ ಆರಿಸಿದ್ದ ಬಟ್ಟೆ. ಹಳದಿ ಹೂವಿನದು. ಬೇಡ ಬೇಡವೆಂದರೂ ಅಪ್ಪ ಅದರ ಅಂಚಿಗೆ ಲೇಸು ಹಚ್ಚಿದ್ದ, ಅವಳು ಮೂರು ದಿನ ಬೈದು ನಾಲ್ಕನೆಯ ದಿನ ಅದನ್ನು ನೆಂಟರಿಗೆಲ್ಲ ತೋರಿಸಿದ್ದಳು.

"ಅದನ್ನ ತಿರುಗಿ ಹಾಕಿ," ಎಂದಳು. "ಮುಂದಿನ ವಾರಾನೂ ಒಂದು ಭಾನುವಾರ ಇದೆ. ಅದೇ ಕಡೇದು. ಮೊದಲೇ ಹೇಳಿದೀನಿ." ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, "ಕೋಳಿಯಣ್ಣ, ಇನ್ನೊಂದು ವಾರ ತಡ್ಕೊಳ್ಳಪ್ಪ," ಎಂದಳು.

"ಅಕ್ಕ, ಕೋಳಿಗಳಿಗೆ ಹೇಳಿಬಿಟ್ಟಿದ್ದೆ," ಎಂದ ಅವನು ಬೇಲಿಯಿಂದ.

*

ಆ ವಾರವೆಲ್ಲ ಮಗಳು ಕನ್ನಡಕದ ಗಾಜು ಒರೆಸುತ್ತ ಅದೇ ಯೋಚನೆಯಲ್ಲಿದ್ದಳು. ಗಾಳಿಕಿಂಡಿಯ ಅಂಚಿನಲ್ಲಿ ನೀರು ಕಾಣುತ್ತದೆ. ಗಾಳಿಕಿಂಡಿಯಿಂದ ಬರುತ್ತಿಲ್ಲ. ಅದಂತೂ ಖಂಡಿತ, ತಾನೇ ಬಿಗಿದದ್ದು. ಹಾಗಿದ್ದರೆ ಬೇರೆಲ್ಲೋ ಒಳಹೊಕ್ಕು, ಮೇಲಿನ ತಗಡಿಗೂ ಕೆಳಗಿನ ಹಲಗೆಗೂ ನಡುವೆ ಸದ್ದಿಲ್ಲದೆ ಹರಿದು, ಹಲಗೆ ಕತ್ತರಿಸಿರುವ ಮೊದಲ ಜಾಗದಲ್ಲಿ ಕೆಳಗಿಳಿಯುತ್ತಿದೆ. ಆ ಜಾಗವೇ ಕಿಂಡಿ. ಇಷ್ಟು ವರ್ಷ ಮೂವರೂ ಸೇರಿ ಬಾಗಿಲಿಗೆ ಬೀಗ ಹಾಕುತ್ತಿದ್ದರು, ಕಳ್ಳ ಒಳಗೇ ಇದ್ದ.

ನೀರು ಒಳಗೆ ಹೋಗುವ ದಾರಿ ಕಾಣುವುದಿಲ್ಲ. ಆದರೆ ಗಾಳಿ ಹೊರಗೆ ಬರುವ ದಾರಿ ಕಾಣಿಸಬಹುದು. ಸೈಕಲ್ ಟ್ಯೂಬನ್ನು ನೀರಿನಲ್ಲಿ ಅದ್ದಿ ಪಂಕ್ಚರ್ ಹುಡುಕುವ ಉಪಾಯವೇ ಇದು. ವ್ಯಾನನ್ನು ನೀರಿನಲ್ಲಿ ಅದ್ದಲಾಗದು, ಸೋಪಿನ ನೀರು ಹಚ್ಚಬಹುದು.

ಅಂಗಡಿಗೆ ರಜೆಯಿದ್ದ ದಿನ ಅವಳು ಕಸ ಎಳೆಯುವ ಯಂತ್ರ ತಂದು, ಅದರ ಕೊಳವೆಯನ್ನು ಗಾಳಿ ಊದುವ ಕಡೆಗೆ ಸಿಕ್ಕಿಸಿ, ಕಿಟಕಿಯ ಸಂದಿನಿಂದ ಗಾಡಿಯೊಳಗೆ ತೂರಿಸಿದಳು. ಸಂದಿಗೆ ಟವೆಲ್ ತುರುಕಿ ಮೇಲೆ ಟೇಪು ಅಂಟಿಸಿದಳು. ಹೊಗೆಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದಳು. ಅಪ್ಪ ಒಳಗೆ ಕುಳಿತು ಬಾಗಿಲು, ಕಿಟಕಿ, ಕಿಂಡಿ ಎಲ್ಲ ಒತ್ತಿ ಮುಚ್ಚಿಕೊಂಡ.

"ನನ್ನ ಗಂಡನಿಗೆ ಗಾಳಿ ತುಂಬಿ ಎಲ್ಲಿಗೆ ಹಾರಿಸ್ತಿದೀಯ?" ಎಂದಳು ಅಮ್ಮ ಸೋಪಿನ ನೀರಿನ ಬಕೆಟ್ ಎತ್ತಿಕೊಡುತ್ತ.

"ಸರೋವರಕ್ಕೆ."

"ಹಾಗಾದ್ರೆ ಸ್ವೆಟರ್ ಹಾಕ್ಕೊಳ್ಳೋಕೆ ಹೇಳು."

ಯಂತ್ರ ಮೊರೆಯತೊಡಗಿತು. ಮಗಳು ಬಣ್ಣ ಬಳಿಯುವ ಅಗಲ ಬ್ರಷ್ಷನ್ನು ಸೋಪಿನ ನೀರಿನಲ್ಲಿ ಅದ್ದಿ ಗಾಳಿಕಿಂಡಿಯ ಸುತ್ತ ಹಚ್ಚಿದಳು. ಏನೂ ಆಗಲಿಲ್ಲ. ಹೊಗೆಕೊಳವೆಯ ಬುಡ, ಏನಿಲ್ಲ. ಆಂಟೆನಾ, ಏನಿಲ್ಲ. ಅಲ್ಲಿಗೆ ಮಾಡಿನ ಮೇಲಿದ್ದ ವಸ್ತುಗಳು ಮುಗಿದವು. ಅವಳು ಹಿಮ್ಮಡಿಯ ಮೇಲೆ ಕುಳಿತು ಸ್ವಲ್ಪ ಹೊತ್ತು ಬರೀ ತಗಡನ್ನು ನೋಡಿದಳು. ಆಮೇಲೆ, ಬಿಡುವುದು ಅವಳ ಜಾಯಮಾನವಲ್ಲವಾದ್ದರಿಂದ, ಹಿಂದಿನ ಅಂಚಿನಿಂದ ಶುರುಮಾಡಿ ಪೂರ್ತಿ ಮಾಡಿಗೆ ಪಟ್ಟಿಪಟ್ಟಿಯಾಗಿ ಸೋಪಿನ ನೀರು ಬಳಿಯುತ್ತ ಮಂಡಿಯೂರಿ ಮುಂದೆ ಸರಿದಳು. ಬೆನ್ನ ಮೇಲೆ ಬಿಸಿಲು, ಮಂಡಿಯಡಿಯಲ್ಲಿ ಒದ್ದೆ.

ಮಾಡಿನ ಮುಂತುದಿಯಲ್ಲಿ, ಡ್ರೈವರ್ ಸೀಟಿನ ನೆತ್ತಿಯ ಮೇಲೆ, ಹಳೆಯ ಬಣ್ಣ ಸ್ವಲ್ಪ ಉಬ್ಬಿದಂತಿದ್ದ ಕಡೆ ಬ್ರಷ್ ಆಡಿಸಿದಳು. ಎರಡು ಗುಳ್ಳೆಗಳು ಎದ್ದವು. ಅಕ್ಕಪಕ್ಕದಲ್ಲಿ, ಕಪ್ಪೆಯ ಕಣ್ಣಿನ ಹಾಗೆ. ದೊಡ್ಡದಾದವು, ಬಿಸಿಲಿಗೆ ಕಾಮನಬಿಲ್ಲಿನ ಬಣ್ಣ ತಳೆದವು, ಒಂದಾದವು, ಪಟ್ಟನೆ ಒಡೆದವು. ಮತ್ತೆ ಎರಡು ಎದ್ದವು.

"ಅಪ್ಪಾ," ಎಂದು ಕೂಗಿದಳು. "ಡ್ರೈವರ್ ತಲೆ ಮೇಲೆ ಏನಿತ್ತು ಇಲ್ಲಿ?"

ಯಂತ್ರದ ಸದ್ದಿಗೆ ಅಪ್ಪನಿಗೆ ಕೇಳಿಸಲಿಲ್ಲ. ಉತ್ತರ ಕೆಳಗಿನಿಂದ, ಅಮ್ಮನಿಂದ ಬಂತು.

"ಏನಿತ್ತು ಅಂದ್ರೆ? ನಿನ್ನ ಗಿರಗಿಟ್ಲೆ ಕಣೇ."

ಮಗಳ ಕೈಯಲ್ಲಿದ್ದ ಬ್ರಷ್ಷಿನಿಂದ ನೊರೆ ತೊಟ್ಟಿಕ್ಕಿತು.

ಗಿರಗಿಟ್ಲೆ. ಚಿಕ್ಕವಳಿದ್ದಾಗ ಅವಳಿಗೆ ಗಾಡಿ ಹತ್ತಿದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ದೂರ ನೋಡು, ದೂರ ನೋಡು ಎಂದು ಅಮ್ಮ ಬೆನ್ನು ಸವರುತ್ತಿದ್ದಳು. ದೂರದಲ್ಲಿ ನೋಡುವುದಕ್ಕೆ ಏನಿದೆ ಎಂದು ಅವಳು ಅಳುತ್ತಿದ್ದಳು. ಅದಕ್ಕೆ ಅಪ್ಪ ಕೋಟಿನ ಒಳಗೆ ಹಾಕುವ ಹೊಳೆಯುವ ಕೆಂಪು ಲೈನಿಂಗ್ ಬಟ್ಟೆ ಕತ್ತರಿಸಿ, ತಂತಿಗೆ ಎಳೆದು ಕಟ್ಟಿ, ತಟ್ಟೆಯಷ್ಟು ದೊಡ್ಡ ಗಿರಗಿಟ್ಲೆ ಮಾಡಿದ. ಅದರ ಕೋಲನ್ನು ಒಂದು ತಗಡಿನ ತುಂಡಿಗೆ ಬೆಸೆಸಿ ಮಾಡಿನ ಮುಂತುದಿಗೆ ಎರಡು ಸ್ಕ್ರೂ ಹಾಕಿದ. ಸೀಟಿನಲ್ಲಿ ಕುಳಿತವಳಿಗೆ ಗಿರಗಿಟ್ಲೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಅದರ ನೆರಳು. ಬಿಸಿಲು ಬೆನ್ನ ಹಿಂದಿದ್ದ ಬೆಳಗುಗಳಲ್ಲಿ ಗಾಡಿಯ ನೆರಳು ರಸ್ತೆಯ ಮೇಲೆ ಉದ್ದಕ್ಕೆ ಚಾಚಿ, ಅದರ ತುದಿಯಲ್ಲಿ ಒಂದು ಹೂವು ಗಿರಗಿರನೆ ತಿರುಗುತ್ತ ಮುಂದೆ ಮುಂದೆ ಓಡುತ್ತಿತ್ತು. ಅವಳು ಅದನ್ನೇ ನೋಡುತ್ತ ಕುಳಿತಿರುತ್ತಿದ್ದಳು. ಹೊಟ್ಟೆ ತೊಳಸುವುದನ್ನು ಮರೆಯುತ್ತಿದ್ದಳು. "ಹಿಡೀತೀವಾ ಅಪ್ಪ?" ಎಂದು ಕೇಳಿದರೆ, "ಇನ್ನೇನು, ಆ ತಿರುವಿನಲ್ಲಿ ಹಿಡಿದುಬಿಡ್ತೀವಿ," ಎನ್ನುತ್ತಿದ್ದ ಅಪ್ಪ. ತಿರುವು ಬಂದರೆ ನೆರಳು ಪಕ್ಕಕ್ಕೆ ಹಾರಿ ಬೇಲಿಯ ಮೇಲೆ ಓಡುತ್ತಿತ್ತು.

ಯಂತ್ರ ನಿಲ್ಲಿಸಿದ್ದಾಯಿತು. ಅಪ್ಪ ಹೊರಗೆ ಬಂದು ಡ್ರೈವರ್ ಬಾಗಿಲಿನ ಮೆಟ್ಟಿಲ ಮೇಲೆ ನಿಂತ. ಅಲ್ಲಿಂದ ಮಾಡಿನ ಮುಂತುದಿ ಅವನ ಕಣ್ಣಿನ ಮಟ್ಟಕ್ಕೇ ಬರುತ್ತಿತ್ತು. ಮಗಳು ಬಣ್ಣದ ಚಕ್ಕೆ ಎಬ್ಬಿಸಿ ತೋರಿಸಿದಳು. ಎರಡು ತೂತು, ಒಂದೊಂದೂ ಅಕ್ಕಿಕಾಳಿನಷ್ಟು, ಸುತ್ತ ತುಕ್ಕಿನ ಕೆಂಪು.

"ಒಂದು ಸಲ ಬಿರುಗಾಳಿಗೆ ಮುರೀತಲ್ಲ," ಎಂದ ಅಪ್ಪ ನಿಧಾನವಾಗಿ. "ಕೋಲು ಹೋಗಿತ್ತು, ಬುಡ ಮಾತ್ರ ಉಳಿದಿತ್ತು. ನೋಡೋಕೆ ಚೆನ್ನಾಗಿಲ್ಲ ಅಂತ ಸ್ಕ್ರೂ ಬಿಚ್ಚಿದೆ. ಮೇಲೆ ಒಂದು ಕೈ ಬಣ್ಣ ಹಚ್ಚಿದೆ."

"ತೂತಿಗೆ?"

ಅಪ್ಪ ಮುಖ ಕಿವುಚಿದ. "ಬಟ್ಟೆಯಿಂದ ಸೂಜಿ ತೆಗೆದ್ರೆ ತೂತು ತಾನೇ ಮುಚ್ಕೊಳ್ಳುತ್ತಮ್ಮ. ಉಗುರಿನಲ್ಲಿ ಒಂದು ಸಲ ಕೆರೆದ್ರೆ ಸಾಕು, ಎಲ್ಲಿತ್ತು ಅಂತಾನೇ ಗೊತ್ತಾಗಲ್ಲ." ಅವನ ಹೆಬ್ಬೆರಳು ತಗಡಿನ ಮೇಲೆ, ತೂತಿನ ಸುತ್ತ, ಕೆರೆದಂತೆ ಒಮ್ಮೆ ಆಡಿತು. "ಇದು ತಗಡು ಅಂತ ಹೊಳೀಲೇ ಇಲ್ಲ ನೋಡು."

ಅಮ್ಮ ಬಕೆಟ್ ಕೆಳಗಿಟ್ಟಳು. ಲೆಕ್ಕ ಹಾಕುವವಳಂತೆ ಕಣ್ಣು ಕಿರಿದು ಮಾಡಿ, "ಅದೇ ವರ್ಷದಿಂದ," ಎಂದಳು. "ಗಿರಗಿಟ್ಲೆ ಇರೋವರೆಗೂ ಹಾಸಿಗೆ ಒದ್ದೆ ಆಗಿದ್ದೇ ಇಲ್ಲ. ಸ್ಕ್ರೂ ಅಲ್ಲೇ ಕೂತು ಕಾವಲು ಕಾಯ್ತಿತ್ತು. ಕಾವಲಿನವನ್ನ ನೀವೇ ಮನೆಗೆ ಕಳಿಸಿದ್ರಿ." ಆಮೇಲೆ ಗಾಳಿಕಿಂಡಿಯ ಕಡೆ ಕತ್ತೆತ್ತಿ, "ಪಾಪ, ಅದನ್ನ ಎಷ್ಟು ಬೈದೆ," ಎಂದಳು.

ಮೊದಲು ನಕ್ಕದ್ದು ಅಪ್ಪ. ಮೆಟ್ಟಿಲ ಮೇಲೆ ನಿಂತೇ, ಕನ್ನಡಿಯ ಸರಳು ಹಿಡಿದುಕೊಂಡು, ಭುಜ ಕುಲುಕುವಷ್ಟು ನಕ್ಕ. ಮಗಳು ಮಾಡಿನ ಮೇಲೆ ಬೋರಲು ಮಲಗಿ ಕೆನ್ನೆಯನ್ನು ಒದ್ದೆ ತಗಡಿಗೆ ಆನಿಸಿದಳು. ಆ ಎರಡು ತೂತಿನಿಂದ ಬೆಚ್ಚಗಿನ ಗಾಳಿ ಇನ್ನೂ ಸ್ವಲ್ಪ ಬರುತ್ತಿತ್ತು. ಅದಕ್ಕೆ ಬ್ರೆಡ್ಡಿನ ವಾಸನೆ ಇತ್ತು, ಅಥವಾ ಇದ್ದಂತೆ ಅವಳಿಗೆ ಅನ್ನಿಸಿತು.

*

ತುಕ್ಕು ಉಜ್ಜಿ ತೆಗೆದು, ಸ್ಪಿರಿಟ್ಟಿನಿಂದ ಒರೆಸಿ, ಒಣಗಲು ಬಿಟ್ಟದ್ದಾಯಿತು. ಗಿಡ್ಡ ಸ್ಕ್ರೂಗಳಿಗೆ ಅಂಟಿನ ಪಟ್ಟಿಯನ್ನು ಎಳೆಯಾಗಿ ಸುತ್ತಿ ತೂತುಗಳಿಗೆ ಬಿಗಿದಳು. ಅಪ್ಪ ಮೆಟ್ಟಿಲ ಮೇಲೆ ನಿಂತು, ಅವಳು ಕೇಳುವ ಮೊದಲೇ ಬೇಕಾದ್ದನ್ನು ಕೈಗೆ ಕೊಡುತ್ತಿದ್ದ. ಸೀಲೆಂಟಿನ ಟ್ಯೂಬನ್ನು ಎತ್ತಿಕೊಟ್ಟವನು ಕೈ ಹಿಂದಕ್ಕೆ ತೆಗೆಯಲಿಲ್ಲ.

"ಬೆರಳಿಂದ ಸವರೋದು ಬೇಡಪ್ಪ, ಇದು ತಾನೇ ಹರಿದು ಸಮ ಆಗುತ್ತೆ," ಎಂದಳು ಮಗಳು.

"ಹಾಗಾದ್ರೆ ಹೆಬ್ಬೆರಳಿಗೆ ಕೆಲಸ ಇಲ್ಲ ಅನ್ನು."

ಅವಳು ಟ್ಯೂಬನ್ನು ಕೆಳಗಿಟ್ಟಳು. ಸೂಚನೆಯಲ್ಲಿ ಇನ್ನೊಂದು ದಾರಿಯೂ ಇತ್ತು: ಸ್ಕ್ರೂಗಳ ಮೇಲೆ ಅಂಗೈಯಗಲದ ಅಂಟುಪಟ್ಟಿ ಹಾಸಿ, ಗಾಳಿ ಉಳಿಯದಂತೆ ನಡುವಿನಿಂದ ಅಂಚಿನವರೆಗೆ ಒತ್ತುವುದು. ಬಾಳಿಕೆ ಎರಡಕ್ಕೂ ಒಂದೇ. ಪೆಟ್ಟಿಗೆಯಿಂದ ಪಟ್ಟಿ ತೆಗೆದು, ಮೂಲೆಗಳನ್ನು ದುಂಡಗೆ ಕತ್ತರಿಸಿ, ಹಿಂದಿನ ಕಾಗದ ಸುಲಿದು ಜಾಗದಲ್ಲಿಟ್ಟಳು. "ಇದನ್ನ ನೀನೇ ಒತ್ತಬೇಕು. ಗುಳ್ಳೆ ಉಳೀಬಾರ್ದು. ನನ್ನ ಕೈಗೆ ಅಷ್ಟು ಬಲ ಇಲ್ಲ."

ಅವಳ ಕೈಗೆ ಬೇಕಾದಷ್ಟು ಬಲವಿತ್ತು. ಅದು ಅಪ್ಪನಿಗೂ ಗೊತ್ತಿತ್ತು. ಆದರೂ ಅವನು ತೋಳು ಮಡಚಿ, ಹೆಬ್ಬೆರಳನ್ನು ಪ್ಯಾಂಟಿಗೆ ಒರೆಸಿ, ನಡುವಿನಿಂದ ಹೊರಗೆ, ನಡುವಿನಿಂದ ಹೊರಗೆ ಎಂದು ಸುತ್ತಲೂ ಒತ್ತುತ್ತ ಬಂದ. ಅಂಚಿನಲ್ಲಿ ಸಣ್ಣ ಸಣ್ಣ ಹಳ್ಳಗಳು ಮೂಡಿದವು. ಪ್ರತಿಯೊಂದರ ನಡುವೆ ಓರೆಯಾದ ಗೆರೆ. ಮಸುಕಾಗಿದ್ದರೂ ಅದೇ ಗೆರೆ. ಮಗಳು ಜೇಬಿನೊಳಗಿನ ಕಪ್ಪು ತುಂಡನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ಭಾನುವಾರ ಬಂತು. ಬೆಳಿಗ್ಗೆ ನೋಡಿದರೆ ಕನ್ನಡಿಯ ಸರಳಿಗೆ ಕೆಂಪು ಲೈನಿಂಗ್ ಬಟ್ಟೆಯ ಗಿರಗಿಟ್ಲೆಯೊಂದು ಸೇರಿಕೊಂಡಿತ್ತು. ಸ್ಕ್ರೂ ಇಲ್ಲ. ಗುಂಡಿ ಹೊಲಿಯುವ ದಪ್ಪ ದಾರದಿಂದ ಬಿಗಿಯಾಗಿ ಸುತ್ತಿ ಕಟ್ಟಿದ್ದು.

ಅಮ್ಮ ಈ ಸಲ ಹಿತ್ತಾಳೆಯ ಟೊಪ್ಪಿಗೆಯನ್ನು ತಾನೇ ಕೇಳಿ ಬೆರಳಿಗೆ ಹಾಕಿಕೊಂಡಳು. "ನೀವು ಹೊರಗಿರಿ," ಎಂದಳು ಗಂಡನಿಗೆ. "ನೀವು ಪಕ್ಕದಲ್ಲಿದ್ರೆ ಹನಿ ಬಿದ್ರೂ ಇಲ್ಲ ಅನ್ಬೇಕು ಅನ್ಸುತ್ತೆ." ಒಣಗಿದ ಹಾಸಿಗೆ, ಹೊಸ ಕವರು ಹಾಕಿದ ದಿಂಬು. ಬಾಗಿಲು ಹಾಕಿಕೊಂಡಳು.

ಮಗಳು ಮೊದಲು ತಗ್ಗಿನ ಕಡೆಯಿಂದ ನೀರು ಬಿಟ್ಟಳು, ಆಮೇಲೆ ಮೇಲಕ್ಕೆ, ಆಮೇಲೆ ಮುಂತುದಿಗೆ. ಅಂಟುಪಟ್ಟಿಯ ಮೇಲೆ ನೀರು ಬಿದ್ದು ಮುತ್ತುಮುತ್ತಾಗಿ ಜಾರಿತು. ಅಲ್ಲೇ ಪೈಪನ್ನು ಬಹಳ ಹೊತ್ತು ಹಿಡಿದಳು. ಹಾರಿದ ತುಂತುರಿನಲ್ಲಿ ಗಿರಗಿಟ್ಲೆ ಒಂದೆರಡು ಸುತ್ತು ತಿರುಗಿತು. ಕಡೆಗೆ ಪೈಪನ್ನು ಬಗ್ಗಿಸಿ ನೀರು ನಿಲ್ಲಿಸಿ, ಮಾಡಿಗೆ ಕಿವಿಗೊಟ್ಟಳು.

ಒಂದು ಟಕ್ ಇಲ್ಲ. ಎರಡು ಟಕ್ಕೂ ಇಲ್ಲ.

"ಅಮ್ಮಾ?"

ಉತ್ತರವಿಲ್ಲ. ಅಪ್ಪ ಕೆಳಗಿನಿಂದ ಮುಖವೆತ್ತಿ ನೋಡಿದ. ಅವನ ಕೈ ಏಣಿಯ ಮೇಲಿತ್ತು, ಅದನ್ನು ಬಿಡಲೂ ಇಲ್ಲ, ಬಿಗಿಯಾಗಿ ಹಿಡಿಯಲೂ ಇಲ್ಲ. ಮಗಳು ಸರಸರನೆ ಇಳಿದಳು. ದಿಂಬು ಒದ್ದೆಯಾಗಿ, ಹೇಳಲು ಮನಸ್ಸು ಬಾರದೆ ಅಮ್ಮ ಸುಮ್ಮನೆ ಕುಳಿತಿರಬಹುದು. ಹಾಗೆ ಕುಳಿತಿದ್ದರೆ ಮುಂದಿನ ಮಾತು ಯಾರು ಆಡಬೇಕು ಎಂದು ಅವಳಿಗೆ ತೋಚಲಿಲ್ಲ. ಬಾಗಿಲನ್ನು ಮೆಲ್ಲಗೆ ತಳ್ಳಿದಳು.

ಅಮ್ಮ ನಿದ್ದೆ ಹೋಗಿದ್ದಳು. ಗೋಡೆಯ ಕಡೆ ಮಗ್ಗುಲಾಗಿ, ಮಂಡಿ ಮಡಚಿ, ಕೆನ್ನೆಯಡಿಯಲ್ಲಿ ಕೈಯಿಟ್ಟುಕೊಂಡು. ಹಿತ್ತಾಳೆಯ ಟೊಪ್ಪಿಗೆ ಬೆರಳಲ್ಲೇ ಇತ್ತು. ದಿಂಬು ಹೊಸ ಕಾಗದದಂತೆ ಬಿಳಿಯಾಗಿತ್ತು. ಹಳದಿ ಹೂವಿನ ಪರದೆ ಕಿಟಕಿಯ ಗಾಳಿಗೆ ಸ್ವಲ್ಪ ಉಬ್ಬಿ, ಮತ್ತೆ ಇಳಿಯಿತು. ಮಗಳು ಬೆರಳ ತುದಿಯಿಂದ ಗಾಳಿಕಿಂಡಿಯ ಅಂಚನ್ನು ಸುತ್ತಲೂ ಸವರಿ ನೋಡಿದಳು. ಒಣಗಿದ ಹಲಗೆ. ಅದರ ಮೇಲೆ ನೀಲಿ, ಗುಲಾಬಿ, ಬಿಳಿ ಸೀಮೆಸುಣ್ಣದ ಹಳೆಯ ಸುತ್ತುಗಳು. ಕೆಲವು ಸೊಟ್ಟಸೊಟ್ಟ. ಅವು ಮಂಚದ ಮೇಲೆ ತುದಿಗಾಲಿನಲ್ಲಿ ನಿಂತು ಅವಳೇ ಬರೆದವು.

ಅಪ್ಪ ಬಂದು ಅವಳ ಹಿಂದೆ ನಿಂತ. ನೋಡಿದ. ಮದುಮಗನ ಸೀಟಿನ ಮೇಲೆ ಸದ್ದಾಗದಂತೆ ಕುಳಿತು, ಎರಡೂ ಮಂಡಿಗಳ ಮೇಲೆ ಕೈಯಿಟ್ಟುಕೊಂಡ.

ಬೇಲಿಯ ಕಡೆಯಿಂದ ಗಂಟಲು ಸರಿಪಡಿಸಿಕೊಂಡ ಸದ್ದಾಯಿತು. "ಏನಾಯ್ತು ಅಣ್ಣ?" ಎಂದ ಕೋಳಿಯಣ್ಣ. "ಗೂಡು ನಮಗಾ?"

ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ತುಟಿಗೆ ಬೆರಳಿಟ್ಟುಕೊಂಡ. "ಜಾಗ ಇಲ್ಲಪ್ಪ," ಎಂದ ಪಿಸುದನಿಯಲ್ಲಿ. "ಆಗಲೇ ಒಂದು ಬಂದು ಕಾವಿಗೆ ಕೂತುಬಿಟ್ಟಿದೆ."

ಮಂಚದ ಮೇಲೆ ಯಾರೂ ಕದಲಲಿಲ್ಲ. ಆದರೆ ಕಣ್ಣು ಮುಚ್ಚಿಕೊಂಡೇ ಅಮ್ಮ ಗೋಡೆಗೆ ಕೈ ಚಾಚಿದಳು. ಟಕ್ ಟಕ್.

"ಕೇಳಿಸ್ತು ನನಗೆ," ಎಂದಳು.